ಶಾಲೆಯ ಗೇಟಿನಲ್ಲಿ ಓದದೆ ಉಳಿದ ಕಾಗದ

ಮಾನ್ಯ ಶಿಕ್ಷಣಾಧಿಕಾರಿಗಳೇ,

ದಯೆಯ ಪಾಠವನ್ನು ಮಕ್ಕಳು ನಿಜವೆಂದು ನಂಬಿಬಿಟ್ಟರೆ ಶಿಕ್ಷಕಿ ಏನು ಮಾಡಬೇಕು ಎಂಬುದನ್ನು ತಮ್ಮ ಕಚೇರಿ ನಮಗೆ ಹೇಳಿಕೊಡಲಿಲ್ಲ. ಅದೇ ನನ್ನ ದೂರು. ತಮಗೆ ಬರೆದ ಮೂರು ಪತ್ರಗಳಿಗೂ ಉತ್ತರ ಬಾರದ್ದರಿಂದ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಭೀಮಾ ದಂಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಕಳೆದ ಜುಲೈಯಲ್ಲಿ ತಾವು ನಮ್ಮನ್ನೆಲ್ಲ ಎರಡು ದಿನದ ತರಬೇತಿಗೆ ಕರೆಸಿದಿರಿ. ಇಂಗ್ಲಿಷ್ ಕಲಿಕೆಯ ಮೂಲಕ ದಯೆ ಮತ್ತು ಸಮಾಜಸೇವೆ, ಅದು ವಿಷಯ. ಕಲಿತ ಭಾಷೆ ನೆರೆಹೊರೆಗೆ ನೆರವಾಗಬೇಕು ಎಂದು ತಾವೇ ಮೈಕ್ ಹಿಡಿದು ಹೇಳಿದಿರಿ. ನಾನು ಬರೆದುಕೊಂಡೆ. ಉಳಿದವರು ಬರೆದುಕೊಳ್ಳಲಿಲ್ಲ, ಅವರು ಜಾಣರು.

ಊರಿಗೆ ಬಂದು ಒಂಬತ್ತನೇ ತರಗತಿಗೆ, ನೀವು ನಿಮ್ಮ ಊರಿಗೆ ಹೇಗೆ ನೆರವಾಗುತ್ತೀರಿ, ಐದು ವಾಕ್ಯ ಬರೆಯಿರಿ ಎಂದೆ. ಮೂವತ್ತೆಂಟು ಮಕ್ಕಳೂ ಗೈಡ್ ನೋಡಿ ಕುರುಡರಿಗೆ ರಸ್ತೆ ದಾಟಿಸಿದರು. ಈ ಊರ ರಸ್ತೆಯಲ್ಲಿ ದಿನಕ್ಕೆ ಎರಡು ಬಸ್ಸು ಬಂದರೆ ಹೆಚ್ಚು. ಇಲ್ಲಿನ ಕಷ್ಟ ಬೇರೆ. ದೊಡ್ಡ ಬೇನೆ ಬಂದರೆ ಜನ ಸೊಲ್ಲಾಪುರಕ್ಕೆ ಹೋಗುತ್ತಾರೆ. ಅಲ್ಲಿ ಡಾಕ್ಟರರ ಮಾತು ಮರಾಠಿ, ಕೊಡುವ ಕಾಗದ ಇಂಗ್ಲಿಷ್. ಅದನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಾರೆ. ಹಾಗಾಗಿ ಮಕ್ಕಳಿಗೆ ಹೇಳಿದೆ: ನೆರೆಮನೆಯವರ ಒಂದು ಕಾಗದ ತನ್ನಿ, ಶನಿವಾರ ನನ್ನ ಎದುರಿಗೆ ಓದಿ, ಅದರಲ್ಲಿ ಏನಿದೆ ಎಂದು ಅವರಿಗೆ ತಿಳಿಸಿ. ಔಷಧದ ವಿಷಯ ಕಂಡರೆ ಆರೋಗ್ಯ ಕೇಂದ್ರಕ್ಕೆ ಕಳಿಸೋಣ.

ಬಳೆ ವ್ಯಾಪಾರಿ ಸಲಾವುದ್ದೀನರ ಮಗಳು ಅಫ್ರೀನ ಒಂದು ವರ್ಷದಿಂದ ನನ್ನ ತರಗತಿಯಲ್ಲಿ ಬಾಯಿ ತೆರೆದವಳಲ್ಲ. ಅವಳು ಮನೆ ಕಟ್ಟುವ ಗೌಂಡಿ ಹುಲೆಪ್ಪನವರ ಕಾಗದ ತಂದಳು. ಬೆರಳಿಟ್ಟು ಓದುತ್ತ ಒಂದು ಸಾಲಿನಲ್ಲಿ ನಿಂತಳು. ನೋವಿನ ಗುಳಿಗೆ ಐದು ದಿನ ಮಾತ್ರ ಎಂದಿತ್ತು. ಹುಲೆಪ್ಪ ಎರಡು ತಿಂಗಳಿಂದ ನುಂಗುತ್ತಿದ್ದರು. ಮುಖ, ಕಾಲು ಬಾತಿದ್ದವು. ಆರೋಗ್ಯ ಕೇಂದ್ರದ ವೈದ್ಯರು ಅಂದೇ ನಿಲ್ಲಿಸಿದರು. ಮುಂದಿನ ಶನಿವಾರ ಹುಲೆಪ್ಪ ತರಗತಿಯ ಬಾಗಿಲಲ್ಲಿ ನಿಂತು, "ಈ ಹುಡುಗಿ ಓದ್ಲಿಲ್ಲಂದ್ರ ನಾ ಇನ್ನೂ ನುಂಗ್ತಿದ್ನಿರಿ ಟೀಚರ್" ಎಂದರು. ಆ ದಿನದಿಂದ ಅಫ್ರೀನ ಕೈ ಎತ್ತಿ ಉತ್ತರ ಹೇಳತೊಡಗಿದಳು. ನನ್ನ ನೌಕರಿಯಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ.

ಎರಡು ತಿಂಗಳು ಹೀಗೆ ನಡೆಯಿತು. ಆಮೇಲೆ ತಮ್ಮ ನೋಟಿಸ್ ಬಂತು. ಮಕ್ಕಳಿಂದ ವೈದ್ಯಕೀಯ ಕೆಲಸ ಮಾಡಿಸಲಾಗುತ್ತಿದೆ ಎಂದು ಯಾರೋ ಅರ್ಜಿ ಕೊಟ್ಟಿದ್ದರಂತೆ. ಪೂರ್ವಾನುಮತಿ ಇಲ್ಲದ ಚಟುವಟಿಕೆಯನ್ನು ಕೂಡಲೇ ನಿಲ್ಲಿಸಬೇಕು, ಹೊರಗಿನವರ ಕಾಗದಪತ್ರ ಶಾಲೆಯ ಆವರಣದೊಳಗೆ ಬರಕೂಡದು, ತಪ್ಪಿದರೆ ಶಿಸ್ತುಕ್ರಮ. ಅದೇ ವಾರ ತಮ್ಮ ಕಚೇರಿಯಿಂದ ಇನ್ನೊಂದು ಸುತ್ತೋಲೆಯೂ ಬಂತು: ದಯಾ ಸಪ್ತಾಹದ ಫೋಟೋಗಳನ್ನು ಶುಕ್ರವಾರದೊಳಗೆ ಕಳಿಸತಕ್ಕದ್ದು. ಮಕ್ಕಳ ಕೈಗೆ ಬಣ್ಣದ ರಟ್ಟು ಕೊಟ್ಟು ಗೇಟಿನ ಮುಂದೆ ನಿಲ್ಲಿಸಿ ಫೋಟೋ ತೆಗೆದು ಕಳಿಸಿದೆವು. ಆ ಫೋಟೋಕ್ಕೆ ತಾವು ಮೆಚ್ಚುಗೆ ಬರೆದಿರಿ. ಯಾವ ದಯೆಗೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬ ಪಟ್ಟಿಯನ್ನೂ ಕಳಿಸಿದ್ದರೆ ಚೆನ್ನಾಗಿತ್ತು. ನಾನು ಅನುಮತಿ ಕೋರಿ ಮೂರು ಸಲ ಬರೆದೆ. ಮೊದಲು ಹೇಳಿದ ಉತ್ತರ ಬಾರದ ಪತ್ರಗಳು ಅವೇ.

ನವೆಂಬರಿನ ಒಂದು ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಸರತ ಬಂದಳು. ಅಫ್ರೀನಳ ಓಣಿಯ ಸೊಸೆ, ಏಳು ತಿಂಗಳ ಬಸುರಿ. ಗಂಡ ಅಜೀಮ ಲಾರಿ ಮೇಲೆ ಹೊರಗೆ ಹೋಗಿದ್ದ. ಸೊಲ್ಲಾಪುರದಲ್ಲಿ ಸ್ಕ್ಯಾನ್ ಮಾಡಿಸಿದ್ದಳು. ಕೌಂಟರಿನಲ್ಲಿ ಕಾಗದ ಕೊಟ್ಟು, ನಿಮ್ಮ ಡಾಕ್ಟರಿಗೆ ತೋರಿಸಿ ಎಂದಿದ್ದರು. ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ರಜೆಯಲ್ಲಿದ್ದರು. ಗೇಟಿನ ಆಚೆಗೇ ನಿಂತು, ಇದರಲ್ಲಿ ಏನು ಬರೆದಿದ್ದಾರೆ ನೋಡಿ ಎಂದು ಕೇಳಿದಳು. ಅಫ್ರೀನ ಊಟದ ತಟ್ಟೆ ಕೆಳಗಿಟ್ಟು ಓಡಿದಳು.

ನಾನು ಅವಳ ಕೈ ಹಿಡಿದು ತಡೆದೆ. ಅಂದು ತಮ್ಮ ಕಚೇರಿಯ ತಪಾಸಣೆ ಇತ್ತು. ಬಂದವರು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕುಳಿತಿದ್ದರು. "ಸಂಜೀಕ ಮನೀಗೆ ಬರ್ತೇನಿ ಮಸರತ, ಆಗ ನೋಡ್ತೇನಿ" ಎಂದೆ. ಅವಳು ಹೌದ್ರಿ ಎಂದು ಕಾಗದ ಮಡಚಿಕೊಂಡು ಹೋದಳು. ತಪಾಸಣೆ ಸಂಜೆ ಆರರವರೆಗೆ ನಡೆಯಿತು, ನಾನು ಮನೆಗೆ ಹೋಗುವ ಕೊನೆಯ ಬಸ್ಸು ಹೊರಟು ನಿಂತಿತ್ತು. ನಾನು ಹೋಗಲಿಲ್ಲ. ನಾಳೆ ಎಂದುಕೊಂಡೆ. ಮರುದಿನ ನಾನು ಅವಳ ಮನೆಗೆ ಹೋದಾಗ ಬೀಗ ಹಾಕಿತ್ತು. ಕೂಸು ಮಿಸುಕಾಡುತ್ತಿಲ್ಲವೆಂದು ಬೆಳಿಗ್ಗೆ ಕಲಬುರಗಿಗೆ ಕರೆದೊಯ್ದಿದ್ದರು. ಕೂಸು ಉಳಿಯಲಿಲ್ಲ.

ಆ ಕಾಗದವನ್ನು ನಾನು ಆಮೇಲೆ ಓದಿದೆ. ಕೊನೆಯ ಸಾಲಿನಲ್ಲಿ, ಕೂಸಿನ ಸುತ್ತಲಿನ ನೀರು ತೀರ ಕಡಿಮೆ ಇದೆ, ತಕ್ಷಣ ದಾಖಲಿಸಬೇಕು ಎಂದಿತ್ತು. ಅಫ್ರೀನ ಓದಬಲ್ಲಷ್ಟು ಸುಲಭದ ಇಂಗ್ಲಿಷ್. ಬುಧವಾರವೇ ಹೋಗಿದ್ದರೆ ಉಳಿಯುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆ. ಹೇಳಲಾಗದು ಎಂದರು. ಆ ಮಾತನ್ನು ಹಿಡಿದುಕೊಂಡು ನಾನು ದಿನ ದೂಡುತ್ತಿದ್ದೇನೆ. ಮಸರತಳನ್ನು ನೋಡಲು ಹೋದೆ. ಅವಳು ನನ್ನನ್ನು ಕೂರಿಸಿ ಚಹಾ ಮಾಡಿಸಿದಳು.

ಅಫ್ರೀನ ಹದಿನೈದು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಎಲ್ಲರೂ ಹೋದ ಮೇಲೆ ಮೇಜಿನ ಹತ್ತಿರ ನಿಂತು ಕೇಳಿದಳು: "ಟೀಚರ್, ಅವತ್ತ ನಾ ಓದಿದ್ರ ನಿಮ್ಮ ನೌಕರಿ ಹೋಗ್ತಿತ್ತೇನ್ರಿ?"

ಇಲ್ಲ ಎಂದೆ.

"ಮತ್ತ್ಯಾಕ ಬ್ಯಾಡಂದ್ರಿ?"

ಮಾನ್ಯರೇ, ನೋಟಿಸ್ ತಮ್ಮದು, ಕೈ ಹಿಡಿದು ತಡೆದವಳು ನಾನು. ನನ್ನ ಮೇಲೆ ಯಾವ ಕ್ರಮ ಬೇಕಾದರೂ ಕೈಗೊಳ್ಳಿ, ವಾದಿಸುವುದಿಲ್ಲ. ಆದರೆ ಆ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಶನಿವಾರದ ಒಂದು ಗಂಟೆಯನ್ನು ಮಕ್ಕಳಿಗೂ ಊರಿಗೂ ಬಿಟ್ಟುಕೊಡಿ. ಅದು ಆಗದಿದ್ದರೆ ಒಂದು ದಿನ ನಮ್ಮ ಶಾಲೆಗೆ ಬಂದು, ಆ ಹುಡುಗಿಯ ಎದುರು ಕುಳಿತು, ಅವಳ ಪ್ರಶ್ನೆಗೆ ತಾವೇ ಉತ್ತರ ಹೇಳಿ ಹೋಗಿ.

ಇಂತಿ,
ಓದಲು ಕಲಿಸಿ, ಓದಬೇಕಾದ ದಿನ ತಡೆದ
ಬಸವೇಶ್ವರಿ
ಇಂಗ್ಲಿಷ್ ಶಿಕ್ಷಕಿ