ಒಣಗಲು ಮೂರು ದಿನ

ಭಾನುವಾರ, ಮಧ್ಯಾಹ್ನ

ಅಮ್ಮಾ,

ಕೂತಲ್ಲಿ ಕೂರಲಾರದ ನಿನ್ನ ಮಗಳ ನಮಸ್ಕಾರ. ಈ ಪತ್ರ ಶುರು ಮಾಡಿ ಆಗಲೇ ಮೂರು ಸಲ ಎದ್ದು ಹೋಗಿದ್ದೇನೆ. ಒಮ್ಮೆ ನೀರು ಕುಡಿಯಲು, ಎರಡು ಸಲ ಸುಮ್ಮನೆ.

ನೀನು ನಿವೃತ್ತಳಾಗಿ ಅಕ್ಕನ ಮನೆ ಸೇರಿದ ಮೇಲೆ ನಿನ್ನ ಕೆಲಸ ನನ್ನ ತಲೆಗೆ ಬಂತಲ್ಲ, ನಿನ್ನ ಕೋಣೆಯ ಗೋಡೆಯ ಹಲಗೆಯನ್ನು ಈಗ ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಬಸ್ಸಿನ ಬಾಡಿ ಕಟ್ಟುವ ನಮ್ಮಲ್ಲಿ ಯಾರ ಕೆಲಸ ಯಾರಿಗಾಗಿ ಕಾಯುತ್ತದೆ ಅನ್ನುವುದನ್ನೆಲ್ಲ ಹೊಸ ಸಾಫ್ಟ್‌ವೇರ್ ಕೇಳುತ್ತದೆ. ವೆಲ್ಡಿಂಗ್ ಮುಗಿಯದೆ ವೈರಿಂಗ್ ಇಲ್ಲ, ವೈರಿಂಗ್ ಮುಗಿಯದೆ ಬಣ್ಣ ಇಲ್ಲ, ಬಣ್ಣ ಒಣಗದೆ ಸೀಟು ಇಲ್ಲ. ನಾಲ್ಕೂ ತಂಡದವರು ತಮ್ಮಿಂದ ತಡವಾಗುವುದೇ ಇಲ್ಲ ಎಂದು ಆಣೆ ಮಾಡುತ್ತಾರೆ. ವೈರಿಂಗ್ ಮೇಸ್ತ್ರಿಯಂತೂ, ಇನ್ಮೇಲೆ ಈ ಕಂಪ್ಯೂಟರ್ರೇ ನಮಗೆ ಯಜಮಾನ್ರಾ ಅಂತ ಮೂತಿ ತಿರುವಿಕೊಂಡು ಹೋದರು.

ನಿನ್ನ ಹಲಗೆಯಲ್ಲಿ ಪ್ರತಿ ಬಸ್ಸಿಗೂ 'ಒಣಗಲು ಮೂರು ದಿನ' ಎಂದಿದೆ. ಬಣ್ಣದ ಡಬ್ಬಿಯ ಮೇಲೆ ಒಂದೇ ದಿನ ಎಂದಿದೆ. ಇದು ಆತುರಪ್ಪನ ಕಣ್ಣಿಗೆ ಬಿದ್ದಿದೆ. ಆತುರಪ್ಪ ಅಂದರೆ ಹೊಸ ಮ್ಯಾನೇಜರು, ಹೆಸರಿಟ್ಟವರು ಸೀಟಿನವರು. ನಾಳೆ ಹತ್ತು ಗಂಟೆಯ ಮೀಟಿಂಗಿನಲ್ಲಿ ಆ ಮೂರರಿಂದ ಎರಡು ದಿನ ಕತ್ತರಿಸಬೇಕಂತೆ.

ನಿನ್ನೆ ಕಾರಣ ಹುಡುಕಿಕೊಂಡು ಬಣ್ಣದ ಶೆಡ್ಡಿಗೆ ಹೋದೆ. ಒಣಗಿದ ಬಸ್ಸಿನ ಪಕ್ಕದಲ್ಲಿ ನಿಂತು ಅಪ್ಪ ನೀಲಿ ಪಟ್ಟೆ ಎಳೆಯುತ್ತಿದ್ದರು. ಬಲಗೈ ನಡುಗುತ್ತಿತ್ತು, ಅದರ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಒಂದು ಮೊಳ ಎಳೆಯುವುದು, ಒರೆಸುವುದು, ಮತ್ತೆ ಎಳೆಯುವುದು. ಮುಗಿದ ಭಾಗದಲ್ಲಿ ಮಾತ್ರ ಎಲ್ಲೂ ಕೊಂಕಿಲ್ಲ. ಮಾತಾಡಿಸದೆ ಹಾಗೇ ವಾಪಸ್ ಬಂದೆ.

ನೀವಿಬ್ಬರೂ ಬೇರೆಯಾಗಿ ಎಂಟು ವರ್ಷ. ಒಂದೇ ಕಡೆ ಕೆಲಸ ಮಾಡುತ್ತಿದ್ದರೂ ನೀನು ಅವರ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಹಾಗಿದ್ದೂ ಪ್ರತಿ ಬಸ್ಸಿನಲ್ಲೂ ಅವರಿಗಾಗಿ ಎರಡು ದಿನ ಬಚ್ಚಿಟ್ಟೆಯಲ್ಲ, ನನಗೊಂದು ಮಾತು ಹೇಳಬಾರದಿತ್ತೇ? ನಿನ್ನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಆ ಎರಡು ದಿನ ಹೋದರೆ ಅಪ್ಪನ ಕೈ ಎಲ್ಲರಿಗೂ ಕಾಣುತ್ತದೆ, ಕೆಲಸ ಉಳಿಯುವುದಿಲ್ಲ.

ಇಂತಿ,
ನಿನ್ನ ಕಿರಿಮಗಳು

ತಾ.ಕ. (ಸೋಮವಾರ): ಆತುರಪ್ಪನ ಕಣ್ಣಿಗೆ ಬಿತ್ತು ಎಂದೆನಲ್ಲ, ಸುಳ್ಳು. ಹೋದ ವಾರದ ಮೀಟಿಂಗಿನಲ್ಲಿ ಅದನ್ನು ತೋರಿಸಿದವಳು ನಾನೇ, ಭಾರೀ ಜಂಬದಿಂದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಇವತ್ತು ಎದ್ದು ನಿಂತು, ತಪ್ಪು ನನ್ನದು, ಆ ಎರಡು ದಿನ ಒಣಗಲು ಕಾಯುವುದಲ್ಲ, ಪಟ್ಟೆ ಎಳೆಯುವ ಕೆಲಸದ್ದು ಎಂದೆ. ಆತುರಪ್ಪನನ್ನು ಕರೆದುಕೊಂಡು ಹೋಗಿ ಪಟ್ಟೆಯ ಮುಂದೆ ನಿಲ್ಲಿಸಿದೆ. ಕೈ ನಡುಗುವ ಮಾತು ಎತ್ತಲಿಲ್ಲ. ಬಸ್ಸು ಕೊಳ್ಳುವವರು ಮೊದಲು ನೋಡೋದೇ ಇದನ್ನ, ಇರ್ಲಿ ಬಿಡಿ ಅಂತ ಮ್ಯಾನೇಜರೇ ಅಂದರು. ಈಗ ಕಂಪ್ಯೂಟರಿನಲ್ಲಿ ಒಣಗಲು ಒಂದು ದಿನ, ಪಟ್ಟೆಗೆ ಎರಡು.

ಅಪ್ಪನಿಗೆ ಇದೇನೂ ಗೊತ್ತಿರಲಿಲ್ಲ. ಇಷ್ಟು ವರ್ಷ ಸೀಟಿನವರೇ ಸೋಮಾರಿಗಳು, ಅದಕ್ಕೇ ತಮಗೆ ಸಮಯ ಸಿಗುತ್ತಿದೆ ಅಂದುಕೊಂಡಿದ್ದರಂತೆ. ಹಲಗೆಯಲ್ಲಿ ಬರೆದವರು ಯಾರೆಂದು ಹೇಳಿದೆ. ಬಹಳ ಹೊತ್ತು ಬ್ರಷ್ ತೊಳೆದರು. ಆಮೇಲೆ ಅಕ್ಕನ ಮನೆಯ ವಿಳಾಸ ಕೇಳಿದರು.

ಕೊಡಲೇ, ಅಮ್ಮಾ?