ಬೋನು

ಜನವರಿ 9, ಸೋಮವಾರ

ಕ್ಲಿನಿಕ್ಕಿನ ಫ್ಯಾನ್ ಇವತ್ತೂ ತಿರುಗಲಿಲ್ಲ. ಕಾಲೇಜಿನ ಹಳೆಯ ಸ್ಟೋರ್ ರೂಮಿಗೆ ‘ಉಚಿತ ಕಾನೂನು ನೆರವು’ ಎಂದು ಬೋರ್ಡ್ ಹಾಕಿದರೆ ಗಾಳಿಯೂ ಉಚಿತವಾಗಿ ಬರುತ್ತದೆ ಎಂದುಕೊಂಡಿದ್ದಾರೆ. ನಾನು, ಗಂಟೆ — ಇಬ್ಬರೇ. ಗಂಟೆ ನನ್ನ ಕ್ಲಾಸ್‌ಮೇಟ್. ಡಿಗ್ರಿ ಬೇಕಾದರೆ ಇಷ್ಟು ಗಂಟೆ ಬಡವರ ಸೇವೆ ಆಗಿರಬೇಕು ಎಂಬ ರೂಲ್ ಬಂದ ದಿನದಿಂದ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಅದಕ್ಕೇ ಆ ಹೆಸರು.

ಟೈಲರ್ ಅಕ್ಕ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನ ಕೇಸ್ ಹಾಕಿದ್ದಾನೆ — ಮನೆ ತನ್ನದು, ಅತ್ತಿಗೆ ಖಾಲಿ ಮಾಡಬೇಕು ಅಂತ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಹಿಂದಿನ ಕೋಣೆಯಲ್ಲಿ ಅವರೂ ಮಗಳೂ. ಮನೆ ಹೋದರೆ ಹೊಟ್ಟೆಪಾಡೂ ಹೋಯಿತು. ಕೋರ್ಟಿಗೆ ಉತ್ತರ ಬರೆದುಕೊಟ್ಟೆವು. ಅಲ್ಲಿ ನಾವು ಬಾಯಿ ಬಿಡುವ ಹಾಗಿಲ್ಲ. ಸರ್ಕಾರದ ಕಾನೂನು ನೆರವಿನ ಪ್ಯಾನಲ್ ವಕೀಲರು ನಿಲ್ಲುತ್ತಾರೆ.

ಹೊರಡುವಾಗ ಅಕ್ಕ ನನ್ನ ಕರಿ ಕೋಟಿನ ತೋಳು ಹಿಡಿದು ನೋಡಿದರು. “ಯಾವನಮ್ಮ ಇದನ್ನ ಹೊಲಿದಿದ್ದು? ಇದರೊಳಗೆ ಇನ್ನೊಬ್ಬಳು ತೂರ್ಕೋಬಹುದು. ಬಿಚ್ಚು, ಸರಿ ಮಾಡ್ಕೊಡ್ತೀನಿ.”

ಸಂಜೆ ಅಮ್ಮನ ಫೋನ್. ಪ್ರೊ ಬೋನೋ ಕೆಲಸ, ಅಂದರೆ ಫೀಸಿಲ್ಲದ್ದು, ಎಂದೆ. “ಬೋನಾ? ಇಲಿ ಹಿಡಿಯೋದಕ್ಕಾ ನಿನ್ನ ಲಾ ಓದಿಸ್ತಿರೋದು?” ನಕ್ಕು ನಕ್ಕು ಸಾಕಾಯಿತು.

ಫೆಬ್ರವರಿ 3

ವಕೀಲರನ್ನು ನೋಡಿ ಬಂದೆ. ಮನೆ ಕಟ್ಟಿಸಿದ್ದು ಅಕ್ಕನ ಗಂಡನೇ. ಅದನ್ನು ಅಕ್ಕ ಕೋರ್ಟಿನಲ್ಲಿ ನಿಂತು ಹೇಳಬೇಕು, ಅಷ್ಟೆ. “ಆಯಮ್ಮ ಬಂದು ಸಾಕ್ಷಿ ಹೇಳಿದ್ರೆ ನಮ್ಮ ಕೇಸು ಗಟ್ಟಿಯಾಗಿ ನಿಲ್ಲುತ್ತೆ. ಬರಲಿಲ್ಲವೋ, ನನ್ನ ಕೈಲಿ ಏನೂ ಆಗಲ್ಲ. ಡೇಟ್ ಬಿದ್ದ ಮೇಲೆ ನಿಮ್ಮ ಕ್ಲಿನಿಕ್ಕಿಗೆ ಫೋನ್ ಮಾಡ್ತೀನಿ.” ಫೈಲಿನಲ್ಲಿ ಅವರ ಬಳಿ ಇರುವುದು ಕ್ಲಿನಿಕ್ಕಿನ ನಂಬರ್ ಮಾತ್ರ.

ಫೆಬ್ರವರಿ 24

ಸೆಮಿಸ್ಟರ್ ಮುಗಿಯಿತು. ಪರೀಕ್ಷೆಗೆ ಮುಂಚೆ ಎಲ್ಲ ಫೈಲೂ ಕ್ಲೋಸ್ ಆಗಬೇಕು ಎಂದು ಕ್ಲಿನಿಕ್ ನೋಡಿಕೊಳ್ಳುವ ನಮ್ಮ ಮೇಡಂ ಆರ್ಡರ್. ಕೇಸ್ ನಡೆಯುತ್ತಿದ್ದರೂ ಸರಿ — ಉಳಿದದ್ದು ವಕೀಲರ ತಲೆನೋವು. ಗಂಟೆ ಕೂತು ಒಂದೇ ಉಸಿರಿಗೆ ಎಲ್ಲದರ ಮೇಲೂ ‘ಕ್ಲೋಸ್’ ಎಂದು ಗೀಚಿದ.

ಕೋಟ್ ತರಲು ಅಕ್ಕನ ಮನೆಗೆ ಹೋಗಿದ್ದೆ. ತೊಟ್ಟು ನೋಡಿದೆ, ಅಳತೆ ತೆಗೆದು ಹೊಲಿದ ಹಾಗಿತ್ತು. ಬಸ್ಸಿನ ಅವಸರದಲ್ಲಿ ಹೇಳಿದೆ — “ನಿಮ್ಮ ಫೈಲ್ ಕ್ಲೋಸ್ ಆಯ್ತು ಅಕ್ಕಾ.”

“ಮುಗೀತಾ?”

“ನಮ್ಮ ಕಡೆಯಿಂದ ಮುಗೀತು. ಇನ್ನು ವಕೀಲರು ನೋಡ್ಕೋತಾರೆ.”

“ಮುಗೀತಾ ಅಮ್ಮಾ... ನಿಜವಾಗ್ಲೂ?” ನನ್ನ ಎರಡೂ ಕೈ ಹಿಡಿದು ಅತ್ತುಬಿಟ್ಟರು. ಒಳ್ಳೆಯ ಕೆಲಸ ಮಾಡಿದ ಖುಷಿ ಎಂದರೆ ಇದೇ ಇರಬೇಕು.

ಮಾರ್ಚ್ 20

ಪರೀಕ್ಷೆಯ ಮಧ್ಯೆ ಕ್ಲಿನಿಕ್ಕಿನ ವಾರ್ಷಿಕೋತ್ಸವ. ಬೆಳಿಗ್ಗೆಯೇ ಹಾಲ್ ತುಂಬಿತ್ತು. ‘ನೆರವು ಪಡೆದವರ ಮಾತು’ ಎಂಬ ಐಟಂಗೆ ಮೇಡಂ ಟೈಲರ್ ಅಕ್ಕನನ್ನು ಕರೆಸಿದ್ದರು. ಹೂಗುಚ್ಛ ಕೊಟ್ಟರು. ಅಕ್ಕ ಮೈಕಿನ ಮುಂದೆ ನಿಂತು, “ಈ ಮಕ್ಕಳು ನನ್ನ ಮನೆ ಉಳಿಸಿದ್ರು” ಎಂದರು.

ಉಳಿಸಿದೆವಾ? ಯಾವಾಗ?

ಗಂಟೆಯನ್ನು ಕೇಳಿದೆ. “ಖುಷಿಯಲ್ಲಿ ಏನೋ ಅಂತಾರೆ ಬಿಡೇ. ಚಪ್ಪಾಳೆ ಹೊಡಿ.” ಹೊಡೆದೆ. ಫೋಟೋ ಆಯಿತು. ವಕೀಲರಿಗೆ ಒಂದು ಫೋನ್ ಮಾಡಬೇಕು. ನಾಳೆ ಪೇಪರ್ ಮುಗಿಯಲಿ.

ಏಪ್ರಿಲ್ 6

ಫೋನ್ ಮಾಡಲಿಲ್ಲ.

ಅಕ್ಕ ಕಾಲೇಜ್ ಗೇಟಿನ ಹತ್ತಿರ ನಿಂತಿದ್ದರು, ಕೈಯಲ್ಲಿ ಕೋರ್ಟಿನ ಆದೇಶ. ಎರಡು ತಿಂಗಳಲ್ಲಿ ಮನೆ ಬಿಡಬೇಕು. “ಮುಗೀತು ಅಂದ್ಯಲ್ಲಮ್ಮ?” ಬೈಯಲಿಲ್ಲ. ಅರ್ಥವಾಗದ್ದನ್ನು ಕೇಳಿದ ಹಾಗೆ ಕೇಳಿದರು.

ವಕೀಲರು ಫೋನಿನಲ್ಲಿ ಹರಿಹಾಯ್ದರು. “ಇಪ್ಪತ್ತನೇ ತಾರೀಖು ಮೂರು ಸಲ ಹೆಸರು ಕೂಗಿದ್ರು ಕಣ್ರೀ! ವಾಯಿದೆ ಕೇಳಿದೆ, ಜಡ್ಜ್ ಕೊಡಲಿಲ್ಲ. ನಿಮ್ಮ ಕ್ಲಿನಿಕ್ಕಿಗೆ ಒಂದು ವಾರ ಫೋನ್ ಮಾಡಿದೀನಿ. ಸತ್ತು ಹೋಗಿದ್ರಾ ಎಲ್ಲರೂ?”

ಕ್ಲಿನಿಕ್ಕಿನ ಫೋನು ಬೀರುವಿನೊಳಗೆ. ಪರೀಕ್ಷೆ ಅಂತ ಬೀಗ. ಆ ಬೆಳಿಗ್ಗೆ ಅಕ್ಕನ ಹೆಸರನ್ನು ಎರಡು ಕಡೆ ಕೂಗಿದ್ದಾರೆ. ಅವರಿಗೆ ಕೇಳಿಸಿದ್ದು ನಮ್ಮ ಮೈಕು.

ಏಪ್ರಿಲ್ 8

ದಾರಿ ಇದೆಯಂತೆ. ಬರದಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಆದೇಶ ರದ್ದಾಗುತ್ತದೆ. ಮೇಡಂ ತಣ್ಣಗೆ ಹೇಳಿದರು — “ಜ್ವರ ಅಂತ ಬರಿ. ಸರ್ಟಿಫಿಕೇಟ್ ನಾನು ತರಿಸ್ತೀನಿ. ನಮ್ಮ ತಪ್ಪು ಅಂತ ಬರೆದ್ರೆ ಕ್ಲಿನಿಕ್ಕೇ ಇರಲ್ಲ.” ಪೆನ್ನಿಗೆ ಕ್ಯಾಪ್ ಹಾಕುತ್ತಾ, “ನಿನ್ನ ಗಂಟೆಗಳಿಗೆ ನಾನಿನ್ನೂ ಸೈನ್ ಹಾಕಿಲ್ಲ ಅಲ್ವಾ?”

ಅವರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಅಕ್ಕ. ಹೂಗುಚ್ಛ ಹಿಡಿದು ನಗುತ್ತಿದ್ದಾರೆ, ಮೂಲೆಯಲ್ಲಿ ಮಾರ್ಚ್ 20ರ ತಾರೀಖು. ಇದೇ ಫೋಟೋವನ್ನು ಮೇಡಂ ಪೇಪರಿಗೂ ಕೊಟ್ಟಿದ್ದರು. ಮೈದುನನ ವಕೀಲರು ಪೇಪರ್ ಓದುವುದಿಲ್ಲವೇ? ಸುಳ್ಳು ಎಂದು ಒಮ್ಮೆ ಸಾಬೀತಾದರೆ ಅಕ್ಕನ ಕಥೆ ಅಲ್ಲಿಗೇ ಮುಗಿಯಿತು. ಮೇಡಂಗೆ ಇದು ಗೊತ್ತಿಲ್ಲವೆಂದಲ್ಲ. ಕಾನೂನು ಪಾಠ ಮಾಡುವವರು.

ಏಪ್ರಿಲ್ 9

ಅಕ್ಕನಿಗೆ ಎಲ್ಲ ಹೇಳಿದೆ. ಮಷೀನ್ ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ, “ಜ್ವರ ಅಂತಲೇ ಬರಿಯಮ್ಮ. ನನ್ನಿಂದ ನಿನ್ನ ಓದು ಹಾಳಾಗೋದು ಬೇಡ.”

ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಎಲ್ಲರೆದುರು ಅಳು ಬಂತು. ನಾಚಿಕೆ, ಸಿಟ್ಟು — ಯಾವುದು ಎಷ್ಟು ಎಂದು ಗೊತ್ತಿಲ್ಲ.

ಏಪ್ರಿಲ್ 10, ಬೆಳಿಗ್ಗೆ

ಗಂಟೆ ಬಂದಿದ್ದ. “ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತಿದೀಯ. ಯಾರೋ ಟೈಲರಿಗೋಸ್ಕರ ಡಿಗ್ರಿ ಬಿಡ್ತಾರೇನೇ?” ಹೋಗಲಿ, ನಡೆದದ್ದನ್ನೇ ಹೇಳುವ ಅಫಿಡವಿಟ್ಟಿಗೆ ನನ್ನ ಜೊತೆ ಸೈನ್ ಹಾಕ್ತೀಯಾ ಎಂದೆ. ಕೆಲಸವಿದೆ ಎಂದು ಎದ್ದ. ಅವನ ಗಂಟೆಗಳಿಗೆ ಮೊನ್ನೆಯೇ ಸೈನ್ ಆಗಿದೆ.

ಅಮ್ಮನಿಗೆ ಏನೂ ಹೇಳಿಲ್ಲ. ಬೋನು ಎಂದಾಗ ನಕ್ಕವಳು ನಾನೇ.

ಹನ್ನೊಂದಕ್ಕೆ ವಕೀಲರು ನೋಟರಿ ಹತ್ತಿರ ಕಾಯುತ್ತಾರೆ. ಅಫಿಡವಿಟ್ಟನ್ನು ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ.

ಕೆಳಗೆ ಸಹಿ ಮಾಡಿರುವ ನಾನು, ಕಾನೂನು ವಿದ್ಯಾರ್ಥಿನಿ, ಪ್ರಮಾಣ ಮಾಡಿ ಹೇಳುವುದೇನೆಂದರೆ — ಪ್ರತಿವಾದಿಗೆ ಮಾರ್ಚ್ 20ರಂದು ಜ್ವರ ಇರಲಿಲ್ಲ. ಫೆಬ್ರವರಿ 24ರಂದು ಅವರ ಮನೆಯಲ್ಲಿ, ಅವರೇ ಸರಿ ಮಾಡಿಕೊಟ್ಟ ಕೋಟನ್ನು ತೊಟ್ಟು ನಿಂತು, ಕೇಸು ಇನ್ನೂ ನಡೆಯುತ್ತಿದೆ ಎಂದು ಗೊತ್ತಿದ್ದೂ, ನಾನೇ ಅವರಿಗೆ ಮುಗಿಯಿತು ಎಂದು —