ಎದೆಯ ಮೇಲಿನ ಬೆಳ್ಳಿ

ಕುರುಗೋಡು,
೧೪-೩-೧೯೭೪

ಮಗನೇ ಕೊಟ್ರಬಸಪ್ಪಾ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಮೈ ಹೇಗಿದೆಯಪ್ಪಾ? ಊಟ ಸೇರುತ್ತಿದೆಯೇ? ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಕೈ ಓಡುತ್ತಿಲ್ಲ. ನೆಗಡಿಯಾಗಿ ಮಲಗಿದ್ದೆ ಎಂದು ಬರೆದಿದ್ದೆಯಲ್ಲ, ಅದು ಸುಳ್ಳೆಂದು ಇವತ್ತು ತಿಳಿಯಿತು. ನಿನ್ನ ಜೊತೆ ಕೆಲಸ ಮಾಡುವ ಕೌಲ್ ಬಜಾರಿನ ಹಂಪಯ್ಯ ರಜೆಗೆ ಬಂದವನು ಇಲ್ಲಿಗೇ ಬಂದ. ನಿಮ್ಮವ್ವ ಹೊಲಕ್ಕೆ ಹೋಗಿದ್ದಳು. "ಅವನ ಎದಿ ಸುಟ್ಟೈತಿ ದೊಡ್ಡಮ್ಮ. ಕುಲುಮಿ ಹತ್ರ ಲಿಂಗದ ಬೆಳ್ಳಿ ಕರಡಿಗಿ ಕಾದು ಚರ್ಮಕ್ಕ ಹತ್ಕಂಡಿತ್ತು. ತೆಗೀಲೇ ಅಂದ್ರ, ನಮ್ಮವ್ವಗ ಮಾತು ಕೊಟ್ಟೀನಿ ಅಂತಾನ" ಎಂದ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ನಿನ್ನ ಹಳೆಯ ಪುಸ್ತಕ ಮುಂದಿಟ್ಟುಕೊಂಡು ಅಕ್ಷರ ಕಲಿತವಳು. ಆದರೂ ನಿನ್ನ ಕಾಗದಗಳಿಂದ ಇಷ್ಟು ತಿಳಿದುಕೊಂಡಿದ್ದೇನೆ: ಶಬ್ದಕ್ಕಿಂತ ವೇಗವಾಗಿ ಹಾರಿದರೆ ಗಾಳಿಯ ತಿಕ್ಕಾಟಕ್ಕೇ ವಿಮಾನದ ಮೈ ರೊಟ್ಟಿ ಹಂಚಿನಂತೆ ಕಾಯುತ್ತದೆ, ಅಲ್ಯೂಮಿನಿಯಂ ಸೋಲುತ್ತದೆ, ಅದಕ್ಕೇ ನೀವು ಟೈಟಾನಿಯಂ, ನಿಕ್ಕಲ್ ಬೆರಕೆಗಳನ್ನು ಕಾಯಿಸಿ ನೋಡುತ್ತೀರಿ. ನಿಮ್ಮ ಕುಲುಮೆಯಲ್ಲಿ ಉರಿಯೇ ಇಲ್ಲವಂತೆ; ಕರೆಂಟಿನ ಸುರುಳಿಯ ಹತ್ತಿರ ಬಂದ ಲೋಹವೆಲ್ಲ ತಾನಾಗಿ ಕಾಯುತ್ತದಂತೆ. ಅಂಥ ಕಡೆ ಎದೆಗೆ ಬೆಳ್ಳಿ ಕಟ್ಟಿಕೊಂಡು ಬಗ್ಗುತ್ತೀಯಲ್ಲೋ. ಸೋಮವಾರ ಇನ್ನೂ ದೊಡ್ಡ ಕುಲುಮೆ ಶುರುಮಾಡುತ್ತಾರೆ ಎಂದು ಕೇಳಿದಾಗಿನಿಂದ ಕೂತಲ್ಲಿ ಕೂರಲಾರೆ.

ಲಿಂಗ ಮೈ ಬಿಡಬಾರದು, ಒಪ್ಪಿದೆ. ಬೆಳ್ಳಿಯಲ್ಲೇ ಇರಬೇಕೆಂದು ಯಾರು ಹೇಳಿದರು? ನಮ್ಮ ಹಿರಿಯರು ಬಟ್ಟೆಯಲ್ಲಿ ಕಟ್ಟಿಕೊಂಡೇ ಹೊಲ ಉತ್ತರು. ಗೊತ್ತು, ಅದು ನಿಮ್ಮಪ್ಪ ಸಿರುಗುಪ್ಪದಲ್ಲಿ ಮಾಡಿಸಿಕೊಂಡ ಕರಡಿಗೆ. ಅವರು ಹೋದ ಮೇಲೆ ನಿಮ್ಮವ್ವ ಅದನ್ನು ನಿನ್ನ ಕೊರಳಿಗೆ ಹಾಕಿ, ಇದನ್ನು ತೆಗೆದರೆ ನಾನು ಸತ್ತಂತೆ ಎಂದಳು. ಆ ಮಾತು ಹಿಡಿದು ನೀನು ಸುಟ್ಟುಕೊಳ್ಳುತ್ತಿದ್ದೀ. ಅವಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ನನ್ನ ಮಾತು ಕೇಳು, ಪಾಪ ಬಂದರೆ ನನಗಿರಲಿ. ಹಿರಿಯಳಾದರೂ ನಿನ್ನ ಕಾಲಿಗೆ ಬೀಳುತ್ತೇನೆ. ಹಂಪಯ್ಯ ಪುಣ್ಯಾತ್ಮ, ರಜೆಯಲ್ಲೇ ಬೆಂಗಳೂರಿಗೆ ಹೋಗಿ ಈ ಕಾಗದ ಕೊಟ್ಟು ಬರುತ್ತೇನೆ ಎಂದಿದ್ದಾನೆ. ಲಿಂಗ ಕಟ್ಟಿಕೊಳ್ಳಲು ಬಿಳಿ ಬಟ್ಟೆ ಹೊಲಿದು ಅವನ ಕೈಯಲ್ಲೇ ಕಳಿಸಿದ್ದೇನೆ.

ದೊಡ್ಡಬಸವಣ್ಣ ನಿನ್ನ ಬೆನ್ನಿಗಿರಲಿ.

ಇತಿ, ನಿನ್ನ ದೊಡ್ಡಮ್ಮ
ವೀರಭದ್ರಮ್ಮ

ತಾ.ಕ.: ಹಂಪಯ್ಯ ಬಸ್ಸಿಗೆ ಹೊರಟು ನಿಂತಿದ್ದಾನೆ. ಅಷ್ಟರಲ್ಲಿ ನಿಮ್ಮವ್ವ ಬಂದಳು. ಅವನ ಮುಖ ನೋಡಿದವಳೇ ಬಿಡದೆ ಕೇಳಿ ಎಲ್ಲ ಹೇಳಿಸಿಕೊಂಡಳು. ಅಳಲಿಲ್ಲ. "ನಮ್ಮ ಮನಿಯವರನ್ನ ಮಣ್ಣು ಮಾಡುವಾಗ ಲಿಂಗ ಅವರ ಕೈಯಾಗ ಹೋತು, ಬೆಳ್ಳಿ ನನ್ನ ಕೈಯಾಗ ಉಳೀತು. ಅದಕ್ಕ ನನ್ನ ಮಗನ್ನೂ ಕೊಡ್ಲೇನು? ನನ್ನ ಮಾತು ನಾನ ವಾಪಸ್ ತಗಂಡೀನಿ, ಬರೀ ಅಕ್ಕಾ" ಎಂದಳು. ಬರೆದಿದ್ದೇನೆ. ಓದಿದ ಕೂಡಲೇ ಕರಡಿಗೆ ಬಿಚ್ಚಿ ಹಂಪಯ್ಯನ ಕೈಗೆ ಕೊಡು. ಅದು ಮನೆ ಸೇರುವ ತನಕ ಒಲೆ ಹಚ್ಚುವುದಿಲ್ಲ ಎಂದು ಕೂತಿದ್ದಾಳೆ.